ನಿಲ್ರೋ, ಜನ ದಾಟ್ಲಿ

ನಮ್ಮ ಮಾಸ್ಟರಿಗೆ ವಿಸಿಲ್ ಊದಲು ಬರುತ್ತಿರಲಿಲ್ಲ. ಫುಟ್‌ಬಾಲ್ ಕೋಚ್ ಆಗಿದ್ದೂ ಕೊರಳಲ್ಲಿ ವಿಸಿಲ್ ಇಲ್ಲದ ಮನುಷ್ಯನನ್ನು ನಾನು ಇನ್ನೆಲ್ಲೂ ಕಂಡಿಲ್ಲ. ವಯಸ್ಸಿನಲ್ಲಿ ಆಡುವಾಗ ಯಾರದೋ ಮೊಣಕೈ ಬಡಿದು ಮುಂದಿನ ಹಲ್ಲುಗಳು ಭದ್ರಾವತಿಯ ಮಣ್ಣಿಗೆ ಬಿದ್ದಿದ್ದವಂತೆ. "ಕಟ್ಟಿಸ್ಕೊಳ್ಳಿ ಮಾಸ್ಟರ್" ಅಂದರೆ, "ಗ್ರೌಂಡಿಗೆ ಕೊಟ್ಟಿದ್ದನ್ನ ವಾಪಸ್ ಕೇಳಬಾರ್ದು ಕಣೋ" ಅನ್ನುತ್ತಿದ್ದರು. ವಿಸಿಲ್ ಕಚ್ಚಿ ಹಿಡಿಯಲು ಹಲ್ಲಿಲ್ಲ, ಊದಿದರೆ ಪುಸ್ಸೆಂದು ಗಾಳಿ. ಅದಕ್ಕೇ ಅವರು ಕೂಗುತ್ತಿದ್ದರು. "ಹೋಯ್!" ಎಂದು ಒಂದು ಕೂಗು ಹಾಕಿದರೆ ಆಚೆ ತುದಿಯ ಗೋಲ್ ಪೋಸ್ಟಿನ ಮೇಲಿನ ಕಾಗೆ ಹಾರಬೇಕು, ಹನ್ನೊಂದು ಜನರೂ ತಿರುಗಿ ನೋಡಬೇಕು. ಅಂಥ ಗಂಟಲು.

ಹೋದ ತಿಂಗಳು ಅವರು ತೀರಿಕೊಂಡರು. ಭದ್ರಾವತಿಯಲ್ಲಿ ಹಳೆಯ ಆಟಗಾರರೆಲ್ಲ ಸೇರಿ ಶ್ರದ್ಧಾಂಜಲಿ ಸಭೆ ಮಾಡಿದರು. ನನ್ನ ಕೈಗೆ ಮೈಕ್ ಕೊಟ್ಟು "ನಾಲ್ಕು ಮಾತಾಡು" ಅಂದರು. ಶಿವಮೊಗ್ಗದ ಸವಳಂಗ ರಸ್ತೆಯ ನಮ್ಮ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಪೈಪು, ನಲ್ಲಿ, ವಾಲ್ವು ಎಂದು ಗಿರಾಕಿಗಳ ಕಿವಿ ತೂತು ಮಾಡುವ ಬಾಯಿ ನನ್ನದು. ಅವತ್ತು ಅದಕ್ಕೆ ಬೀಗ ಬಿತ್ತು. ಮೈಕ್ ಪಕ್ಕದವನಿಗೆ ದಾಟಿಸಿ ಬಂದು ಕೂತೆ. ಅಲ್ಲಿ ಆಡದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಸಿಟ್ಟೂ ಇದೆ, ಮುಚ್ಚಿಡುವುದಿಲ್ಲ. ಸತ್ತವರ ಮೇಲೆ ಸಿಟ್ಟಾಗಬಾರದಂತೆ. ಆದರೆ ಈ ಮನುಷ್ಯ ಕೊನೆಯವರೆಗೂ ಒಂದೇ ಪ್ರಶ್ನೆ ಕೇಳಿ ಕೇಳಿ ನನ್ನ ಪ್ರಾಣ ತಿಂದರು, ಅದನ್ನು ಹೇಗೆ ಮರೆಯಲಿ?

ನಾನು ಅವರ ಕೈಗೆ ಸಿಕ್ಕಿದ್ದು ಕೆಲವು ವರ್ಷಗಳ ಹಿಂದೆ, ಅಂತರಜಿಲ್ಲಾ ಕ್ರೀಡಾಕೂಟಕ್ಕೆ ನಮ್ಮ ಜಿಲ್ಲೆಯ ಪುರುಷರ ಫುಟ್‌ಬಾಲ್ ತಂಡ ಕಟ್ಟುವಾಗ. ಓಟ, ಕಬಡ್ಡಿ, ಖೋ ಖೋ, ವಾಲಿಬಾಲ್ ಎಲ್ಲ ಸೇರಿದ ದೊಡ್ಡ ಕೂಟ. ಆ ವರ್ಷ ಅದು ಶಿವಮೊಗ್ಗದಲ್ಲೇ ನಡೆಯುವುದಿತ್ತು. ಹನ್ನೊಂದರಲ್ಲಿ ಹತ್ತು ಜನ ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಕಾಲೊನಿಯವರು. ಶಿವಮೊಗ್ಗ ನಗರದಿಂದ ನಾನೊಬ್ಬ. ಮೊದಲ ದಿನವೇ ಮಾಸ್ಟರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏಯ್ ಶಿವಮೊಗ್ಗ, ಗೋಲ್ ಮುಂದೆ ಸ್ಟಾಪರ್ ಆಡ್ತೀಯಾ?" ಅಂದರು. ಅವತ್ತಿನಿಂದ ನನ್ನ ಹೆಸರೇ ಶಿವಮೊಗ್ಗ ಆಯಿತು. ನನಗೂ ಒಂದು ಹೆಸರಿದೆ ಮಾಸ್ಟರ್ ಎಂದೆ. "ಇರ್ಲಿ ಬಿಡು, ಅದ್ರಲ್ಲಿ ನಿಮ್ಮಮ್ಮ ಕರೀಲಿ" ಅಂದರು.

ಅವರು ಕಾರ್ಖಾನೆಯ ಕುಲುಮೆ ವಿಭಾಗದಲ್ಲಿ ಗುತ್ತಿಗೆಯ ಮೇಲೆ ದುಡಿದವರು. ಸಣಕಲು ಮೈ, ಬಾಗಿದ ಕಾಲು, ಮುಂಗೈ ತುಂಬ ಕಿಡಿ ಸಿಡಿದು ಆದ ಸಣ್ಣ ಸಣ್ಣ ಕಲೆಗಳು. ತಲೆಯ ಮೇಲೆ ಯಾವಾಗಲೂ ಕಾರ್ಖಾನೆ ತಂಡದ ಕಾಲದ ಒಂದು ನೀಲಿ ಟೋಪಿ, ಬಣ್ಣ ಹೋಗಿ ಬೂದಿಯಾಗಿದ್ದದ್ದು. ಮನೆಯಲ್ಲಿ ತಮಿಳು, ನಮ್ಮ ಹತ್ತಿರ ಕನ್ನಡ, ಸಿಟ್ಟು ಬಂದರೆ ತೆಲುಗು. ತೆಲುಗೇ ಯಾಕೆ ಎಂದು ಕೇಳಿದ್ದಕ್ಕೆ, "ಮನೆಯವಳಿಗೆ ಅದೊಂದು ಅರ್ಥ ಆಗಲ್ಲ, ಅದಕ್ಕೆ" ಅಂದಿದ್ದರು.

ನಾನು ಸೇರುವ ಹೊತ್ತಿಗೆ ಕಾರ್ಖಾನೆ ನಿಂತು ಎಷ್ಟೋ ಕಾಲವಾಗಿತ್ತು. ಚಿಮಣಿಯಲ್ಲಿ ಹೊಗೆಯಿಲ್ಲ, ಗೇಟಿನಲ್ಲಿ ಜನವಿಲ್ಲ. ಗೇಟಿಗೂ ಕಾಲೊನಿಗೂ ನಡುವೆ ಒಂದು ಮೈದಾನ, ಅಷ್ಟು ಮಾತ್ರ ಜೀವಂತವಾಗಿತ್ತು. ಅದೂ ಕಾರ್ಖಾನೆಯದೇ. ಮೊದಲ ದಿನದ ಪ್ರಾಕ್ಟೀಸಿನಲ್ಲಿ ನಾವು ಎರಡು ಗುಂಪಾಗಿ ಆಡುತ್ತಿದ್ದೆವು. ಸಂಜೆ ಐದಾಗಿರಬೇಕು, ಗೆರೆಯಾಚೆ ಇಟ್ಟಿದ್ದ ಮಾಸ್ಟರರ ಚೀಲದೊಳಗಿಂದ ಒಂದು ಸೈರನ್ ಕಿರುಚಿಕೊಂಡಿತು. ಕೆಳಗಿನಿಂದ ಎದ್ದು ಮೇಲೇರಿ ಎದೆ ಹಿಂಡುವಂಥ ಕೂಗು. ನಾನು ಬೆಚ್ಚಿದೆ, ಆದರೆ ಚೆಂಡು ನನ್ನ ಕಾಲಲ್ಲಿತ್ತು. ಮುಂದೆ ನುಗ್ಗಿದೆ. ಯಾರೂ ಅಡ್ಡ ಬರಲಿಲ್ಲ. ಒಬ್ಬನನ್ನು ದಾಟಿದೆ, ಇನ್ನೊಬ್ಬನನ್ನು ದಾಟಿದೆ, ಭಲೇ ಮಗನೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು ಗೋಲಿಗೆ ಹೊಡೆದೆ. ಗೋಲ್‌ಕೀಪರ್ ಸೆಲ್ವ ಕೈ ಕೆಳಗೆ ಬಿಟ್ಟು ಸುಮ್ಮನೆ ನಿಂತಿದ್ದ. ನಾನು ಎರಡೂ ಕೈ ಎತ್ತಿ ಕುಣಿಯುತ್ತಾ ತಿರುಗಿದರೆ, ಇಡೀ ಮೈದಾನವೇ ಕಲ್ಲಾಗಿತ್ತು. ಓಡುತ್ತಿದ್ದವನು ಓಡುತ್ತಿದ್ದಲ್ಲೇ, ಎಸೆಯುತ್ತಿದ್ದವನು ಎಸೆಯುತ್ತಿದ್ದಲ್ಲೇ ನಿಂತಿದ್ದ. ಎಲ್ಲರ ಮುಖ ಗೇಟಿನ ಕಡೆಗೆ. ಮಾಸ್ಟರ್ ಟೋಪಿ ತೆಗೆದು ಎದೆಗೆ ಹಿಡಿದಿದ್ದರು.

ಸೈರನ್ ನಿಂತ ಮೇಲೆ ನನ್ನ ಹತ್ತಿರ ಬಂದರು. "ಗೋಲ್ ಹೊಡೆದ್ಯಾ?"

"ಹೂಂ ಮಾಸ್ಟರ್."

"ಯಾರಿಗೆ ಹೊಡೆದೆ?"

ನಾನು ತಲೆ ಕೆರೆದುಕೊಂಡೆ.

"ಸೈರನ್ ಆದ್ರೆ ಚೆಂಡು ಕಾಲ್ಕೆಳಗೆ. ನಿಲ್ಬೇಕು. ಜನ ದಾಟ್ಲಿ."

"ಯಾವ ಜನ ಮಾಸ್ಟರ್? ಅಲ್ಲಿ ನಾಯಿನೂ ಇಲ್ಲ."

ಮಾಸ್ಟರ್ ಖಾಲಿ ಗೇಟಿನ ಕಡೆ ಇನ್ನೊಂದು ಸಲ ನೋಡಿ, ಕಡೆಯವನೂ ದಾಟಿ ಹೋದ ಎಂಬಂತೆ ಟೋಪಿ ಹಾಕಿಕೊಂಡು, "ಹೋಯ್!" ಎಂದು ಕೂಗಿದರು. ಆಟ ಮತ್ತೆ ಶುರುವಾಯಿತು. ಅಯ್ಯೋ ಶಿವನೇ, ಎಂಥ ಹುಚ್ಚರ ಸಂತೆಗೆ ಬಂದು ಬಿದ್ದೆನಪ್ಪಾ ಅಂದುಕೊಂಡೆ.

ಬಸ್‌ಸ್ಟಾಂಡಿಗೆ ಬಿಡಲು ಬಂದ ಸೆಲ್ವ ದಾರಿಯಲ್ಲಿ ಎಲ್ಲ ಬಿಡಿಸಿ ಹೇಳಿದ. ಕಾರ್ಖಾನೆ ಇದ್ದಾಗ ಐದಕ್ಕೆ ಸೈರನ್ ಆಗುತ್ತಿತ್ತು. ಆಗ ಗೇಟಿನಿಂದ ಜನ ಹೊರಬಿದ್ದು, ಸೈಕಲ್ ತಳ್ಳಿಕೊಂಡು, ಊಟದ ಡಬ್ಬಿ ಹಿಡಿದು, ಈ ಮೈದಾನವನ್ನೇ ಅಡ್ಡ ಹಾಯ್ದು ಮನೆಗೆ ಹೋಗುತ್ತಿದ್ದರು. ಅವರು ದಾಟುವವರೆಗೆ ಚೆಂಡು ಮುಟ್ಟುವಂತಿಲ್ಲ. ಮಾಸ್ಟರ್ ಹಾಕಿದ ಕಾನೂನು. ಚಡ್ಡಿ ಹಾಕುವ ವಯಸ್ಸಿನಿಂದ ಇವರೆಲ್ಲ ಹಾಗೇ ಆಡಿ ಬೆಳೆದವರು. ದಾಟುತ್ತಿದ್ದವರು ಇವರ ಅಪ್ಪಂದಿರೇ. ಕಾರ್ಖಾನೆಯ ಕೊನೆಯ ಸೈರನ್ನನ್ನು ಯಾರೋ ಮೊಬೈಲಿನಲ್ಲಿ ಹಿಡಿದಿಟ್ಟಿದ್ದರು. ಮಾಸ್ಟರ್ ಅದನ್ನು ತಮ್ಮ ಫೋನಿಗೆ ಹಾಕಿಸಿಕೊಂಡು, ದಿನಾ ಐದಕ್ಕೆ ಅಲಾರಂ ಇಟ್ಟು, ಒಂದು ಸಣ್ಣ ಸ್ಪೀಕರಿಗೆ ಕೊಟ್ಟಿದ್ದರು.

"ನಿಮಗೂ ತಲೆ ಕೆಟ್ಟಿದೆಯೇನೋ? ಈಗ ದಾಟೋರು ಯಾರಿದ್ದಾರೆ ಮಾರಾಯ?" ಅಂದೆ.

"ನಾವೇನ್ ಬೇಕಂತ ನಿಲ್ತೀವಾ? ಕಾಲೇ ನಿಂತ್ಬಿಡುತ್ತೆ ಮಗಾ" ಅಂದ ಸೆಲ್ವ.

ಈ ಕಾನೂನು ಹುಟ್ಟಿದ ಕತೆಯನ್ನು ಮಾಸ್ಟರೇ ಇನ್ನೊಂದು ದಿನ ಹೇಳಿದರು. ಅವರ ಹುಡುಗುಪ್ರಾಯದಲ್ಲಿ, ಒಂದು ಸಂಜೆ ಇವರು ಒದ್ದ ಚೆಂಡು ಕೆಲಸ ಮುಗಿಸಿ ಬರುತ್ತಿದ್ದ ಒಬ್ಬರಿಗೆ ಬಡಿಯಿತು. ಕುಲುಮೆಯ ಮುಂದೆ ದುಡಿಯುವ ಆನೆಯಂಥ ಆಳು. ಸೈಕಲ್ ಸಮೇತ ಬಿದ್ದರು. ಹೊಡೆಯುತ್ತಾರೆ ಎಂದು ಇವರು ಕಣ್ಣು ಮುಚ್ಚಿ ನಿಂತರೆ, ಆ ಮನುಷ್ಯ ನೆಲದ ಮೇಲೆ ಕೂತು ಮಗುವಿನಂತೆ ಅತ್ತರಂತೆ. "ಪೆಟ್ಟಿಗಲ್ಲ ಕಣೋ ಅತ್ತಿದ್ದು. ದಣಿವು. ಎದ್ದು ನಿಲ್ಲಕ್ಕೂ ಆಗದಷ್ಟು ದಣಿವು. ಅಷ್ಟು ದೊಡ್ಡ ಮನುಷ್ಯ ಅಳೋದನ್ನ ನಾನು ಅವತ್ತೇ ನೋಡಿದ್ದು." ಹೇಳುವಾಗ ಅವರ ಕೈ ತಾನಾಗಿ ಟೋಪಿಗೆ ಹೋಯಿತು. ಅಂದಿನಿಂದ ಸೈರನ್ ಆದಾಗ ನಾನೂ ನಿಲ್ಲುತ್ತಿದ್ದೆ, ಆದರೆ ಬೂಟಿನ ದಾರ ಕಟ್ಟುವ ನೆಪದಲ್ಲಿ. ನನ್ನ ಕಾಲು ತಾನಾಗಿ ಎಂದೂ ನಿಲ್ಲಲಿಲ್ಲ. ನಮ್ಮ ಬೀದಿಯಲ್ಲಿ ಯಾವ ಕಾರ್ಖಾನೆಯಿತ್ತು?

ಕ್ರೀಡಾಕೂಟ ಹತ್ತಿರ ಬರುತ್ತಿದ್ದ ಹಾಗೆ ಇನ್ನೊಂದು ಸುದ್ದಿ ಬಂತು. ಮೈದಾನಕ್ಕೆ ಬೇಲಿ ಹಾಕುತ್ತಾರೆ, ಜಾಗವನ್ನು ಯಾರಿಗೋ ಕೊಡುತ್ತಾರೆ. ಮಾಸ್ಟರ್ ಹುಚ್ಚುಹಿಡಿದವರಂತೆ ಕಚೇರಿಯಿಂದ ಕಚೇರಿಗೆ ಅಲೆದರು. ಎಲ್ಲೆಲ್ಲೂ ನಾಳೆ ಬಾ. ಕಡೆಗೆ ಶಿವಮೊಗ್ಗದಲ್ಲಿ ಕ್ರೀಡೆಗೆ ಸಂಬಂಧಪಟ್ಟ ಒಬ್ಬ ಸಾಹೇಬರು ಕೂರಿಸಿ ಮಾತಾಡಿಸಿದರು. ಅಲ್ಲಿಂದ ನೇರವಾಗಿ ನಮ್ಮ ಅಂಗಡಿಗೆ ಬಂದು, ನಲ್ಲಿಗಳ ಪೆಟ್ಟಿಗೆಯ ಮೇಲೆ ಕುಸಿದು ಕೂತರು. ನಮ್ಮಪ್ಪ ಟೀ ತರಿಸಿದರು. ಲೋಟ ಕೈಯಲ್ಲೇ ಆರಿತು.

"ಏನಂದ್ರು ಮಾಸ್ಟರ್?"

"ಪುರುಷರ ಫುಟ್‌ಬಾಲಲ್ಲಿ ಚಿನ್ನ ತಗೊಂಡ್ ಬನ್ನಿ, ಅದನ್ನ ತೋರಿಸಿ ಮೈದಾನ ತರಬೇತಿಗೆ ಬೇಕು ಅಂತ ಬರೀತೀನಿ ಅಂದ್ರು. ಬರಿಗೈಯಲ್ಲಿ ಹೋಗಿ ನಾನೇನ್ರೀ ಕೇಳ್ಲಿ ಅಂದ್ರು." ಆಮೇಲೆ ನನ್ನ ಮೊಣಕಾಲು ಹಿಡಿದುಕೊಂಡರು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ನನಗೆ ನಾಚಿಕೆಯಾಯಿತು. "ಗೆದ್ರೆ ಉಳಿಯುತ್ತೆ ಶಿವಮೊಗ್ಗ. ಸೋತ್ರೆ ಬೇಲಿ. ಅಷ್ಟೇ ಉಳಿದಿರೋದು."

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಸಾಹೇಬರು ಹಗುರಕ್ಕೆ ಆಡಿದ ಮಾತನ್ನು ಇವರು ದೇವರ ವಾಕ್ಯವೆಂದು ಸೆರಗಿಗೆ ಕಟ್ಟಿಕೊಂಡರು. ಅಲ್ಲಿಂದ ಮುಂದೆ ಅವರನ್ನು ನೋಡಲಾಗುತ್ತಿರಲಿಲ್ಲ. ಕೆಮ್ಮು ಒತ್ತರಿಸಿ ಬಂದರೂ ನಮ್ಮ ಜೊತೆ ಓಡುವುದು, ತಪ್ಪು ಪಾಸ್ ಕೊಟ್ಟವನ ಮುಂದೆ ಕೈಮುಗಿದು ನಿಲ್ಲುವುದು. ಬೈದರೆ ಪರವಾಗಿರಲಿಲ್ಲ, ಕೈಮುಗಿದರೆ ಏನು ಮಾಡುವುದು? ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಅನ್ನುತ್ತಿದ್ದೆವು. "ಅನ್ನ ಹಾಕಿದ್ರೆ ತಟ್ಟೇಲಿ ಬದನೆಕಾಯಿ ಹೋಳು ಜೋಡಿಸಿ ಆಟ ಆಡಿಸ್ತಾರೆ. ನನ್ನನ್ನ ಡಿಫೆನ್ಸಲ್ಲಿ ನಿಲ್ಲಿಸಿಲ್ಲ, ಅಷ್ಟೇ ಪುಣ್ಯ" ಎಂದು ಅಕ್ಕ ನಗುತ್ತಲೇ ಕಣ್ಣು ಒರೆಸಿಕೊಂಡರು.

ಕೂಟಕ್ಕೆ ಸ್ವಲ್ಪ ದಿನ ಇರುವಾಗ ಮೈದಾನಕ್ಕೆ ಸರಪಳಿ ಬಿತ್ತು. ಕಾವಲುಗಾರ ಕಾಲೊನಿಯವನೇ, "ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಮಾಸ್ಟರ್" ಎಂದು ಅಂಗಲಾಚಿದ. ಮಾಸ್ಟರ್ ಅವನ ಜೊತೆ ಜಗಳಕ್ಕೆ ನಿಲ್ಲಲಿಲ್ಲ. ಮಾರನೆಯ ದಿನ ನಮ್ಮನ್ನೆಲ್ಲ ಒಂದು ಟೆಂಪೋದಲ್ಲಿ ತುಂಬಿಕೊಂಡು ಗಾಜನೂರಿಗೆ ಕರೆದೊಯ್ದರು. ಡ್ಯಾಮಿನ ಕೆಳಗೆ ತುಂಗೆಯ ದಂಡೆಯ ಮರಳಿನಲ್ಲಿ ಓಡಿಸಿದರು. ಮರಳಿನಲ್ಲಿ ಓಡಿದವನಿಗೆ ಹುಲ್ಲು ರತ್ನಗಂಬಳಿ ಎಂದು ಅವರ ವಾದ. ಕಾಲಿನ ನರ ಕಿತ್ತು ಕೈಗೆ ಬಂದಂತಾಗಿತ್ತು. ಅಷ್ಟರಲ್ಲಿ ಐದಾಯಿತು. ಚೀಲದಿಂದ ಸೈರನ್!

ನಮ್ಮ ಹತ್ತು ಜನ ಗಕ್ಕನೆ ನಿಂತರು. ಆದರೆ ನದಿಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು "ಅಯ್ಯಯ್ಯೋ, ಗೇಟ್ ಬಿಟ್ರು, ನೀರು ಬಿಟ್ರು!" ಎಂದು ಕೂಗುತ್ತಾ, ಬಕೆಟ್ಟು ಬಟ್ಟೆ ಬಿಟ್ಟು ದಂಡೆ ಹತ್ತಿ ಓಡಿದರು. ಗಾಳ ಹಾಕಿ ಕೂತಿದ್ದವನು ಗಾಳವನ್ನೂ ಬಿಟ್ಟು ಓಡಿದ. ಡ್ಯಾಮಿನ ಕೆಳಗಿನವರಿಗೆ ಸೈರನ್ ಅಂದರೆ ಓಡು ಎಂದು ಅರ್ಥ. ನಮ್ಮವರಿಗೆ ನಿಲ್ಲು ಎಂದು. ನೀರು ಬರಲಿಲ್ಲ, ಆದರೆ ಆ ಹೆಂಗಸರು ಬಂದರು. ಒಬ್ಬಾಕೆ ಒದ್ದೆ ಸೀರೆಯ ಮುದ್ದೆಯನ್ನೇ ಮಾಸ್ಟರರ ಮುಖಕ್ಕೆ ಹಿಡಿದು, "ಬುದ್ಧಿ ಗಿದ್ಧಿ ಐತಾ ನಿಂಗೆ? ಮಗೂನ ಎತ್ಕಂಡು ಓಡಿದೀನಿ, ಜೀವ ಬಾಯಿಗೆ ಬಂತು!" ಎಂದು ಉಗಿದಳು. ಮಾಸ್ಟರ್ ಟೋಪಿ ತೆಗೆದು, "ತಪ್ಪಾಯ್ತು ತಾಯಿ" ಅಂದರು.

ವಾಪಸು ಬರುವಾಗ ಟೆಂಪೋದಲ್ಲಿ ನಾನು ಬಾಯಿಬಿಟ್ಟೆ. "ಮಾಸ್ಟರ್, ಈ ಸೈರನ್ ಸಹವಾಸ ಬಿಟ್ಬಿಡಿ. ಯಾವತ್ತಾದ್ರೂ ಒಂದಿನ ಇದೇ ನಮ್ಮನ್ನ ತಿನ್ನುತ್ತೆ."

ಅವರಿಗೆ ಸಿಟ್ಟು ಬರಲಿಲ್ಲ. "ನಿಮ್ಮಂಗಡಿ ಮುಚ್ಚಿಹೋಯ್ತು ಅಂತಿಟ್ಕೋ. ಮಾರನೇ ದಿನ ನಿಮ್ಮಪ್ಪ ಎದ್ದು ಬೀಗದ ಕೈ ಹುಡುಕಲ್ವಾ? ಹುಡುಕೋದನ್ನ ಬಿಟ್ರೆ ಆಮೇಲೆ ಆಯಪ್ಪಂಗೆ ಏನಿದೆ?" ಅಂದರು. ಆಮೇಲೆ ನಾನು ಶಿವಮೊಗ್ಗದಲ್ಲಿ ಇಳಿಯುವವರೆಗೆ ಕಿಟಕಿಯಾಚೆ ನೋಡುತ್ತಾ ಕೂತರು.

ಕೂಟ ಶುರುವಾಯಿತು. ದೊಡ್ಡ ಕೂಟಗಳಲ್ಲಿ ಫುಟ್‌ಬಾಲ್ ಎಂದರೆ ಮದುವೆ ಮನೆಯ ದೂರದ ನೆಂಟನ ಹಾಗೆ. ಊಟಕ್ಕೆ ಕರೆಯುತ್ತಾರೆ, ಎಲೆ ಎಲ್ಲಿ ಎಂದು ಯಾರೂ ಹೇಳುವುದಿಲ್ಲ. ನಮ್ಮ ಪಂದ್ಯದ ಮಧ್ಯೆ ಒಬ್ಬ ಓಟಗಾರ ಮೈ ಬಿಸಿ ಮಾಡಿಕೊಳ್ಳಲು ಪೆನಾಲ್ಟಿ ಏರಿಯಾ ಒಳಗೇ ಓಡಿ ಹೋದ. ಆದರೂ ಗೆದ್ದೆವು. ಮೊದಲ ಪಂದ್ಯ ಗೆದ್ದೆವು, ಸೆಮಿಫೈನಲ್ ಗೆದ್ದೆವು. ಸೆಲ್ವ ಗೋಲಿನ ಮುಂದೆ ಗೋಡೆಯ ಹಾಗೆ ನಿಂತ. ಪ್ರತಿ ಗೆಲುವಿನ ಮೇಲೂ ಮಾಸ್ಟರ್ ಇನ್ನಷ್ಟು ಬಿಳಿಚಿಕೊಂಡರು. ಹತ್ತಿರ ಬಂದಷ್ಟೂ ಅವರಿಗೆ ಭಯ. ಫೈನಲ್ ದಿನ ಅವರ ತುಟಿ ಒಣಗಿ ಬಿರಿದು, ನೀರು ಕುಡಿದರೂ ಒಳಗೆ ಇಳಿಯುತ್ತಿರಲಿಲ್ಲ.

ಫೈನಲಿನಲ್ಲಿ ಎದುರಾಳಿ ಕರಾವಳಿಯ ತಂಡ. ಗಟ್ಟಿ ಹುಡುಗರು, ಒಳ್ಳೆಯ ಹುಡುಗರು. ಓಟದ ಸ್ಪರ್ಧೆಗಳು ತಡವಾಗಿ ನಮ್ಮ ಪಂದ್ಯವೂ ತಡವಾಯಿತು. ನಾವು ಇನ್ನೂ ಆಡುತ್ತಿರುವಾಗಲೇ ವೇದಿಕೆಯಲ್ಲಿ ಸಮಾರೋಪಕ್ಕೆ ಕುರ್ಚಿ ಜೋಡಿಸುತ್ತಿದ್ದರು. ಮುಖ್ಯ ಅತಿಥಿಗಳು ಹೊರಟಿದ್ದಾರೆ ಎಂದು ಮೈಕಿನಲ್ಲಿ ಹೇಳುತ್ತಲೇ ಇದ್ದರು. ನಮ್ಮ ಎರಡು ಹೊಡೆತ ಗೋಲ್ ಕಂಬಕ್ಕೆ ಬಡಿದವು. ಅವರದೊಂದನ್ನು ಸೆಲ್ವ ಹಾರಿ ಹಿಡಿದ. ಯಾರಿಗೂ ಗೋಲಿಲ್ಲ, ಆಟ ಮುಗಿಯುತ್ತಾ ಬಂತು. ಅಷ್ಟರಲ್ಲಿ ಅವರು ಬಳಲಿದ್ದರು. ನಾವು ಮರಳಿನಲ್ಲಿ ಓಡಿದವರು, ನಮ್ಮ ಕಾಲಲ್ಲಿ ಇನ್ನೂ ದಮ್ಮಿತ್ತು. ಚೆಂಡು ನಮ್ಮ ನಡುಪಡೆಯವನ ಕಾಲಲ್ಲಿ, ಮುಂದೆ ನಮ್ಮವರಿಬ್ಬರಿಗೆ ದಾರಿ ಖಾಲಿ. ಗೆರೆಯಾಚೆಯಿಂದ "ಹೋಯ್! ಹೋಯ್!" ಎಂದು ಮಾಸ್ಟರರ ಕೂಗು. ಈಗ ಬೀಳುತ್ತೆ ಗೋಲು ಎಂದು ನನ್ನ ರೋಮ ಎದ್ದು ನಿಂತಿತ್ತು, ನಿಜ ಹೇಳುತ್ತೇನೆ.

ಆಗ ವೇದಿಕೆಯ ಕಡೆಯಿಂದ ಸೈರನ್ ಆಯಿತು.

ಸಮಾರೋಪದ ಪಥಸಂಚಲನಕ್ಕೆ ಎಲ್ಲ ತಂಡಗಳೂ ಸಾಲು ಕಟ್ಟಲಿ ಎಂದು ಯಾರೋ ಪುಣ್ಯಾತ್ಮ ಅದನ್ನು ತರಿಸಿ ಕಂಬಕ್ಕೆ ಕಟ್ಟಿಸಿದ್ದ. ಅದೇ ಕೆಳಗಿನಿಂದ ಮೇಲೇಳುವ ಕೂಗು. ಚೀಲದೊಳಗಿನ ಸಣ್ಣ ಸ್ಪೀಕರಿನದಲ್ಲ, ಊರು ತುಂಬುವಂಥದು. ನಮ್ಮ ನಡುಪಡೆಯವನು ಚೆಂಡಿನ ಮೇಲೆ ಕಾಲಿಟ್ಟು ನಿಂತ. ಮುಂದೆ ಓಡುತ್ತಿದ್ದ ಇಬ್ಬರೂ ನಿಂತರು. ಹತ್ತೂ ಜನ ನಿಂತರು. ಕರಾವಳಿಯ ಹುಡುಗನೊಬ್ಬ ಅನುಮಾನದಿಂದ ರೆಫರಿಯನ್ನು ನೋಡಿದ. ರೆಫರಿ ವಿಸಿಲ್ ಊದಿರಲಿಲ್ಲ. ಆ ಹುಡುಗ ಮೆಲ್ಲಗೆ, ಕದಿಯುವವನಂತೆ, ನಮ್ಮವನ ಕಾಲಿನ ಕೆಳಗಿಂದ ಚೆಂಡು ಎಳೆದುಕೊಂಡು ಓಡತೊಡಗಿದ.

"ಆಡ್ರೋ! ಲೇ, ಆಡ್ರೋ!" ನಾನು ಗಂಟಲು ಹರಿಯುವ ಹಾಗೆ ಕಿರುಚಿದೆ. ಆ ಸೈರನ್ನಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಓಡಿದೆ. ಒಬ್ಬನಿಗೆ ಅಡ್ಡ ಹೋದರೆ ಇನ್ನೊಬ್ಬನಿಗೆ ಕೊಟ್ಟ; ಅವನ ಕಾಲಿಗೆ ಅಡ್ಡ ಜಾರಿ ಬಿದ್ದೆ, ಅವನು ಮೂರನೆಯವನಿಗೆ ಕೊಟ್ಟ. ನೆಲದಲ್ಲಿ ಬಿದ್ದಲ್ಲಿಂದಲೇ ನೋಡಿದೆ. ಸೆಲ್ವ ಗೋಲಿನಲ್ಲಿ ಕೈ ಇಳಿಬಿಟ್ಟು ನಿಂತಿದ್ದ. ಮುಖ ಭದ್ರಾವತಿಯ ಕಡೆಗೆ. ಚೆಂಡು ಅವನ ಪಕ್ಕದಲ್ಲೇ, ಆಡುವ ಮಗು ತಳ್ಳಿದಷ್ಟು ಮೆಲ್ಲಗೆ ಉರುಳಿ ಬಲೆ ಸೇರಿತು.

ನಾನು ಮಾಸ್ಟರರನ್ನು ನೋಡಿದೆ. ಒಂದು ಕೂಗು ಸಾಕಿತ್ತು. ಸೈರನ್ನನ್ನೂ ಸೀಳಿ ಈ ಹತ್ತು ಜನರನ್ನು ಎಬ್ಬಿಸುವ ಕೂಗು ಇಡೀ ಜಗತ್ತಿನಲ್ಲಿ ಒಬ್ಬರ ಗಂಟಲಲ್ಲಿತ್ತು. ಅವರು ಟೋಪಿ ತೆಗೆದು ಎದೆಗೆ ಹಿಡಿದು ನಿಂತಿದ್ದರು. ಅವರ ಮುಖ ನೋಡಬೇಕಿತ್ತು ನೀವು. ಆ ಹಲ್ಲಿಲ್ಲದ ಬಾಯಿ ತೆರೆದಿತ್ತು, ಕಣ್ಣು ತುಂಬಿತ್ತು, ಮನುಷ್ಯ ನಗುತ್ತಿದ್ದರು.

ರೆಫರಿ ಗೋಲ್ ಕೊಟ್ಟ. ನಾನು ಅವನ ಮೇಲೆ ಹಾರಾಡಿ ಕಾರ್ಡ್ ತೋರಿಸಿಕೊಂಡೆ. "ವಿಸಿಲ್ ಲೆಕ್ಕ ರೀ, ಸೈರನ್ ಲೆಕ್ಕ ಅಲ್ಲ" ಅಂದ. ಅವನದೂ ತಪ್ಪಲ್ಲ. ಮತ್ತೆ ಆಟ ಶುರುವಾಗುವುದೂ ಒಂದೇ, ಕೊನೆಯ ವಿಸಿಲ್ ಆಗುವುದೂ ಒಂದೇ ಆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸೆಲ್ವ ಗೋಲ್ ಕಂಬಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದ. ನಾನು ನೇರವಾಗಿ ಮಾಸ್ಟರರ ಹತ್ತಿರ ಹೋಗಿ ಅವರ ಅಂಗಿ ಹಿಡಿದೆ. "ಕೂಗೋದಲ್ವಾ ಮಾಸ್ಟರ್! ಒಂದು ಸಲ ಹೋಯ್ ಅನ್ನೋದಲ್ವಾ! ಬಾಯಿಗೆ ಏನಾಗಿತ್ತು ನಿಮಗೆ?"

ಆಗಷ್ಟೇ ನಿದ್ದೆಯಿಂದ ಎದ್ದವರಂತೆ ನನ್ನನ್ನು ನೋಡಿದರು. ನಗು ಇನ್ನೂ ಮುಖದಿಂದ ಪೂರ್ತಿ ಹೋಗಿರಲಿಲ್ಲ.

"ಕಾರ್ಖಾನೆ ಶುರುವಾಯ್ತು ಅನ್ಕೊಂಡೆ ಕಣೋ" ಅಂದರು.

ನನ್ನ ಕೈ ಸಡಿಲವಾಯಿತು. ಇಷ್ಟು ದೂರದ ಶಿವಮೊಗ್ಗದಲ್ಲಿ ನಿಂತು ಭದ್ರಾವತಿಯ ಸೈರನ್ ಹೇಗೆ ಕೇಳೀತು ಎಂದು ನಾನು ಕೇಳಲಿಲ್ಲ. ಕೇಳುವ ಮಾತೇ ಅಲ್ಲ ಅದು. ಬೆಳ್ಳಿ ಗೆದ್ದ ತಂಡವೆಂದು ನಮ್ಮನ್ನು ಪಥಸಂಚಲನಕ್ಕೆ ಕರೆದರು. ಅದೇ ಸೈರನ್ ಇನ್ನೊಮ್ಮೆ ಆಗಿ ನಿಂತ ಮೇಲೆ ನಾವು ಎಡ ಬಲ ಹಾಕುತ್ತಾ ವೇದಿಕೆಯ ಮುಂದೆ ಹಾದುಹೋದೆವು. ಕೂಟ ಮುಗಿದ ಮೇಲೆ ಮಾಸ್ಟರ್ ಆ ಸಾಹೇಬರ ಜೀಪಿನ ಹತ್ತಿರ ಹೋಗಿ ನಿಂತರು. "ಬೆಳ್ಳಿನೂ ಕಡಿಮೆ ಏನಲ್ಲ ಬಿಡಿ" ಎಂದು ಸಾಹೇಬರು ಬಾಗಿಲು ಹಾಕಿಕೊಂಡರು. ಕೆಲವೇ ತಿಂಗಳಲ್ಲಿ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಅಷ್ಟರಲ್ಲಿ ಮೈದಾನದ ಸುತ್ತ ತಂತಿ ಬೇಲಿ ಎದ್ದಿತ್ತು. ಒಳಗೆ ಇಂದಿಗೂ ಯಾರೂ ಏನೂ ಕಟ್ಟಿಲ್ಲ. ಆಳೆತ್ತರ ಪಾರ್ಥೇನಿಯಂ ಬೆಳೆದಿದೆ, ಅದರ ನಡುವೆ ಗೋಲ್ ಪೋಸ್ಟು.

ಹತ್ತೂ ಜನ ಹೊಟ್ಟೆಪಾಡಿಗೆ ಚದುರಿದರು. ಸೆಲ್ವ ಆಟೋ ಓಡಿಸುತ್ತಾನೆ. ನಾನು ಅಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತೆ. ಮಾಸ್ಟರ್ ಮಾತ್ರ ಬೇಲಿಗೂ ರಸ್ತೆಗೂ ನಡುವಿನ ಪಟ್ಟಿಯಲ್ಲಿ ಕಾಲೊನಿಯ ಮಕ್ಕಳಿಗೆ ಪಾಸ್ ಕೊಡುವುದು ಕಲಿಸುತ್ತಿದ್ದರು. ಅಷ್ಟು ಇಕ್ಕಟ್ಟಿನಲ್ಲಿ ಇನ್ನೇನು ಕಲಿಸಲಾದೀತು? ಕೂಗು ಹೋಗಿತ್ತು. ಕೆಮ್ಮು ಎದೆಯಲ್ಲಿ ಮನೆ ಮಾಡಿತ್ತು.

ಕಡೆಗೆ ಶಿವಮೊಗ್ಗದ ಆಸ್ಪತ್ರೆಗೆ ತಂದು ಹಾಕಿದರು. ನಾನು ಅಂಗಡಿಯಿಂದ ಆಗಾಗ ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ ಅದೇ ಪ್ರಶ್ನೆ. ಮೊದಲು ನನ್ನ ಮೊಣಕಾಲು ಹಿಡಿಯುವುದು, ಆಮೇಲೆ ಕೇಳುವುದು. "ನಾನು ಒಂದ್ಸಲ ಕೂಗಿದ್ರೆ ಗ್ರೌಂಡ್ ಉಳೀತಿತ್ತಲ್ವಾ?"

"ಇಲ್ಲ ಮಾಸ್ಟರ್. ಗೆದ್ದಿದ್ರೂ ಉಳೀತಿರ್ಲಿಲ್ಲ. ಆ ಸಾಹೇಬ್ರು ಸುಮ್ಮನೆ ಬಾಯಿಮಾತಿಗೆ ಅಂದಿದ್ದು."

"ಹೌದಾ?" ಅನ್ನುತ್ತಿದ್ದರು. ಮತ್ತೆ, "ಅಲ್ಲ, ಒಂದು ಕೂಗು ಅಷ್ಟೇ ತಾನೇ?" ಪಕ್ಕದ ಮಂಚದವರು, ನರ್ಸು, ಕಸ ಗುಡಿಸುವಾಕೆ, ಎಲ್ಲರನ್ನೂ ಕೇಳುತ್ತಿದ್ದರು. ಪಾಪ, ಅವರಿಗೇನು ಗೊತ್ತು? ಒಂದು ದಿನ ನನಗೆ ರೇಗಿತು. "ಅದನ್ನ ಬಿಡಿ ಮಾಸ್ಟರ್, ನಿಮ್ಮ ಕಾಲು ಹಿಡೀತೀನಿ, ಬಿಟ್ಬಿಡಿ" ಎಂದು ಗದರಿ ಹೊರಗೆ ಹೋಗಿ ನಿಂತು ಅತ್ತುಬಿಟ್ಟೆ. ವಾಪಸು ಬಂದಾಗ ಬೇರೆ ಪ್ರಶ್ನೆ ಕಾದಿತ್ತು.

"ಅವತ್ತು ನೀನೊಬ್ಬ ಯಾಕೋ ನಿಲ್ಲಲಿಲ್ಲ?"

"ನಂಗೆ ಅಭ್ಯಾಸ ಇಲ್ಲ ಮಾಸ್ಟರ್."

"ಪುಣ್ಯವಂತ" ಅಂದರು. ಅಣಕವೇನಲ್ಲ, ಮನಸಾರೆ ಅಂದರು. ನನ್ನ ಜೊತೆ ಅವರು ಆಡಿದ ಕೊನೆಯ ಮಾತು ಅದೇ.

ಅಂತ್ಯಕ್ರಿಯೆಯ ದಿನ ಸೇಲಂನಿಂದ ಅವರ ತಂಗಿ ಬರುವವರೆಗೆ ಕಾದೆವು. ಸಂಜೆಯಾಯಿತು. ಎದೆಯ ಮೇಲೆ ನೀಲಿ ಟೋಪಿ ಇಟ್ಟಿದ್ದರು. ಹಳೆಯ ತಂಡದಲ್ಲಿ ಊರಲ್ಲಿದ್ದವರೆಲ್ಲ ಬಂದಿದ್ದೆವು. ಹೊಟ್ಟೆ ಬಂದಿತ್ತು, ಕೂದಲು ಉದುರಿತ್ತು. ಚಟ್ಟಕ್ಕೆ ಹೆಗಲು ನಾವೇ ಕೊಟ್ಟೆವು, ಮುಂದೆ ಸೆಲ್ವ ಮತ್ತು ನಾನು. ಕತ್ತಲಾಗುವುದರೊಳಗೆ ಮುಗಿಸಬೇಕು, ಬೇಗ ನಡೀರಿ ಎಂದು ಹಿರಿಯರೊಬ್ಬರು ಅವಸರ ಮಾಡುತ್ತಿದ್ದರು. ಎತ್ತಿ ಅಂಗಳ ದಾಟಿ, ಮೈದಾನದ ಬೇಲಿಯ ಎದುರಿನ ರಸ್ತೆಗೆ ಕಾಲಿಟ್ಟೆವು.

ಮನೆಯೊಳಗೆ, ಗೂಡಿನಲ್ಲಿಟ್ಟಿದ್ದ ಅವರ ಫೋನಿಗೆ ಐದಾಯಿತು.

ಅದೇ ಸೈರನ್. ಆ ಸಣ್ಣ ಸ್ಪೀಕರ್ ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿತು. ನನ್ನ ಪಕ್ಕದಲ್ಲಿ ಸೆಲ್ವ ನಿಂತ. ಹಿಂದಿನವರು ನಿಂತರು. ಅಳುತ್ತಿದ್ದ ಹೆಂಗಸರ ದನಿಯೂ ನಿಂತಿತು. "ಯಾರಾದ್ರೂ ಅದನ್ನ ಆಫ್ ಮಾಡ್ರಪ್ಪಾ" ಎಂದು ಆ ಹಿರಿಯರು ಗದರಿದರು. ಯಾರೂ ಅಲ್ಲಾಡಲಿಲ್ಲ. ಅಕ್ಕ ಹೊಸ್ತಿಲ ಮೇಲೆ ಬಂದು ನಿಂತರು. ಕೆದರಿದ ತಲೆ, ಅತ್ತು ಅತ್ತು ಬಾತ ಮುಖ.

"ನಿಲ್ರೋ," ಅಂದರು ಅಕ್ಕ, "ಜನ ದಾಟ್ಲಿ."

ಎದುರಿಗೆ ಖಾಲಿ ರಸ್ತೆ, ಆಚೆ ಬೇಲಿ, ಬೇಲಿಯಾಚೆ ತುಕ್ಕು ಹಿಡಿದ ಗೇಟು. ಒಬ್ಬರೂ ದಾಟಲಿಲ್ಲ. ಮಾಸ್ಟರರ ಭಾರ ಹೆಗಲ ಮೇಲಿತ್ತು. ಈ ಸಲ ನನ್ನ ಕಾಲು ತಾನಾಗಿ ನಿಂತಿತ್ತು.